ಮಾತೂ ತನ್ನದೇ, ಮಟ್ಟೂ ತನ್ನದೇ

ಸಂಜೆ ಏಳರ ಹೊತ್ತಿಗೆ ಹೈದರಾಬಾದಿನ ನಾಚಾರಂ ರಸ್ತೆ ಎರಡೂ ದಿಕ್ಕಿಗೆ ತುಂಬಿರುತ್ತದೆ. ಕೈಗಾರಿಕಾ ಪ್ರದೇಶದ ಗೇಟುಗಳಿಂದ ಹಗಲು ಪಾಳಿಯವರು ಹೊರಬೀಳುತ್ತಾರೆ. ಹಬ್ಸಿಗುಡದಲ್ಲಿ ಮೆಟ್ರೊ ಇಳಿದವರು ಶೇರ್ ಆಟೊ ಹಿಡಿದು ಎಚ್‌ಎಂಟಿ ನಗರ, ಮಲ್ಲಾಪುರದ ಕಡೆ ಹೊರಡುತ್ತಾರೆ. ಪಿ.ಜಿ.ಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಬಟ್ಟೆ ಒಗೆಯುತ್ತ, ಅನ್ನಕ್ಕಿಡುತ್ತ ಮೊಬೈಲಿನಲ್ಲಿ ಹಾಡು ಹಚ್ಚುತ್ತಾರೆ. ಒಂದು ತೆಲುಗು, ಒಂದು ಕನ್ನಡ, ಒಂದು ಹಿಂದಿ. ನಡುವೆ ಒಂದು ಜಪಾನಿ ಹಾಡು. ಅದರ ಒಂದು ಪದವೂ ಗೊತ್ತಿಲ್ಲ. ಆದರೂ ಅದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗಲು ಮನಸ್ಸಾಗುವುದಿಲ್ಲ.

ಇಂಥ ಹಾಡು ಹಾಡಿದ್ದು ಯಾರು, ಬರೆದದ್ದು ಯಾರು ಎಂದು ಕೇಳಿದರೆ ಉತ್ತರ ಬಹಳ ಸಲ ಒಂದೇ ಹೆಸರು: ಯುಮಿ ಮಾತ್ಸುತೋಯಾ. ಜಪಾನಿನಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕರೆಯುವುದು ಯೂಮಿಂಗ್ ಎಂದು. 1972ರಲ್ಲಿ ಮೊದಲ ರೆಕಾರ್ಡ್ ತಂದವರು, ಐವತ್ತು ವರ್ಷ ದಾಟಿದ ಮೇಲೂ ಹಾಡು ಕಟ್ಟುತ್ತಿದ್ದಾರೆ.

ಪೊರಕೆ ಏರಿ ಬಂದ ಹಾಡು

ನಮ್ಮ ಹೊಸ ತಲೆಮಾರಿಗೆ ಯೂಮಿಂಗ್ ಸಿಕ್ಕಿದ್ದು ಹೆಚ್ಚಾಗಿ ಸಿನಿಮಾದ ದಾರಿಯಿಂದ. ಜಪಾನಿನ ಘಿಬ್ಲಿ ಸ್ಟುಡಿಯೋದ ಅನಿಮೇಷನ್ ಚಿತ್ರಗಳು 2020ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೂರು ಕಂತುಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದವು. ಅದೇ ಹೊತ್ತಿಗೆ ದೇಶಕ್ಕೆ ದೇಶವೇ ಲಾಕ್‌ಡೌನ್ ಆಗಿ ಮನೆಯೊಳಗೆ ಕೂತಿತ್ತು. ಹಯಾವೊ ಮಿಯಾಝಾಕಿ ನಿರ್ದೇಶಿಸಿದ, 1989ರ ‘ಕಿಕೀಸ್ ಡೆಲಿವರಿ ಸರ್ವಿಸ್’ ಅವುಗಳಲ್ಲೊಂದು. ಹದಿಮೂರು ವರ್ಷದ ಪುಟ್ಟ ಮಾಟಗಾತಿ ಕಿಕಿ ಪೊರಕೆ ಏರಿ, ಕರಿ ಬೆಕ್ಕನ್ನು ಜೊತೆಗಿಟ್ಟುಕೊಂಡು ಮನೆ ಬಿಟ್ಟು ಹಾರುತ್ತಾಳೆ. ಪೊರಕೆಗೆ ತೂಗುಹಾಕಿದ ಕೆಂಪು ರೇಡಿಯೊದ ಗುಂಡಿ ತಿರುಗಿಸಿದ ಕೂಡಲೇ ಒಂದು ಹಾಡು ಚಿಮ್ಮುತ್ತದೆ. ಅದು ‘ರೂಜು ನೊ ದೆಂಗೊನ್’, ಎಂದರೆ ತುಟಿರಂಗಿನಲ್ಲಿ ಬರೆದಿಟ್ಟ ಸಂದೇಶ.

ಆ ಹಾಡು ಸಿನಿಮಾಕ್ಕಾಗಿ ಹುಟ್ಟಿದ್ದಲ್ಲ, 1975ರದು. ಅದರ ಕತೆಗೂ ಪುಟ್ಟ ಕಿಕಿಗೂ ಸಂಬಂಧವೇ ಇಲ್ಲ. ತನ್ನವನ ಚಂಚಲತನ ಗೊತ್ತಾದ ಹೆಂಗಸೊಬ್ಬಳು ಬಚ್ಚಲುಮನೆಯಲ್ಲಿ ತುಟಿರಂಗಿನಿಂದ ಎಚ್ಚರಿಕೆ ಬರೆದಿಟ್ಟು, ಅವನ ತಾಯಿಗೇ ದೂರು ಕೊಡಲು ರೈಲು ಹತ್ತುತ್ತಾಳೆ. ಅಳುವುದಿಲ್ಲ, ಬೇಡುವುದಿಲ್ಲ, ನೇರ ಅತ್ತೆಯ ಮನೆಗೇ. ಹೊರಟು ನಿಲ್ಲುವ ಆ ಹುರುಪನ್ನು ಮಿಯಾಝಾಕಿ ಎತ್ತಿಕೊಂಡು ಒಬ್ಬ ಹುಡುಗಿಯ ಮೊದಲ ಪಯಣಕ್ಕೆ ಕೊಟ್ಟರು. ಸಿನಿಮಾ ಮುಗಿಯುವಾಗ ಕೇಳುವ ‘ಯಾಸಾಶಿಸಾ ನಿ ತ್ಸುತ್ಸುಮಾರೆತಾ ನಾರಾ’ ಇನ್ನೂ ಹಳೆಯದು, 1974ರದು. ಅಕ್ಕರೆ ನಮ್ಮನ್ನು ಹೊದಿಸಿಕೊಂಡಿದ್ದರೆ ಕಣ್ಣಿಗೆ ಬಿದ್ದದ್ದೆಲ್ಲ ಏನನ್ನೋ ಹೇಳುತ್ತದೆ ಎನ್ನುವ ಭಾವದ ಈ ಹಾಡನ್ನು ಆ ಕಾಲದಲ್ಲಿ ಮಿಠಾಯಿಯ ಜಾಹೀರಾತಿಗೂ ಬಳಸಿದ್ದರು.

ರೇಷ್ಮೆಯ ಊರಿನ ಹುಡುಗಿ

ಯುಮಿ ಹುಟ್ಟಿದ್ದು 1954ರ ಜನವರಿ 19ರಂದು, ಟೋಕಿಯೊ ಮಹಾನಗರದ ಪಶ್ಚಿಮ ಅಂಚಿನ ಹಾಚಿಯೋಜಿಯಲ್ಲಿ. ತವರಿನ ಹೆಸರು ಅರಾಯ್. ಮನೆತನದ್ದು ಕಿಮೋನೊ ಬಟ್ಟೆಯ ಅಂಗಡಿ. ಹಾಚಿಯೋಜಿಗೆ ಹಿಪ್ಪುನೇರಳೆಯ ರಾಜಧಾನಿ ಎಂಬ ಹಳೆಯ ಬಿರುದಿದೆ. ಅಲ್ಲಿಂದ ಯೋಕೊಹಾಮಾ ಬಂದರಿಗೆ ರೇಷ್ಮೆ ಸಾಗುತ್ತಿದ್ದ ದಾರಿಗೆ ಇಂದಿಗೂ ರೇಷ್ಮೆ ದಾರಿ ಎಂದೇ ಹೆಸರು. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಇಂಥ ಊರಿನ ಚಹರೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ತಜ್ಞರನ್ನು ಕರೆಸಿದ್ದು ಜಪಾನಿನಿಂದಲೇ. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬೆಂಗಳೂರಿನ ಬಡಾವಣೆಯೊಂದಕ್ಕೆ ಈಗಲೂ ಅಂಟಿಕೊಂಡಿದೆ.

ಅಂಗಡಿಯ ತುಂಬ ಬಣ್ಣ, ನಮೂನೆ. ಹುಡುಗಿಗೆ ಚಿತ್ರಕಲೆಯ ಒಲವು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ ಸಾಂಪ್ರದಾಯಿಕ ಜಪಾನಿ ಚಿತ್ರಕಲೆಯನ್ನು ಓದಿದರು. ಶಾಲೆ ಮಾತ್ರ ಕ್ರೈಸ್ತ ಮಿಷನ್ನಿನದು, ಪ್ರಾರ್ಥನಾ ಮಂದಿರದಲ್ಲಿ ಪೈಪ್ ಆರ್ಗನ್ನಿನ ನಾದ. ಹತ್ತಿರದ ತಾಚಿಕಾವಾ, ಯೋಕೋತಾಗಳಲ್ಲಿ ಅಮೆರಿಕದ ಸೇನಾನೆಲೆಗಳಿದ್ದುದರಿಂದ ಆ ಸೀಮೆಯ ಹುಡುಗರಿಗೆ ಪಶ್ಚಿಮದ ಹಾಡುಗಳ ಗಾಳಿ ಬೇಗ ತಾಗುತ್ತಿತ್ತು. ಬ್ರಿಟನ್ನಿನ ಪ್ರೊಕೋಲ್ ಹಾರಂ ತಂಡ ಬಾಕ್‌ನ ಛಾಯೆಯ ಆರ್ಗನ್ನನ್ನು ರಾಕ್ ಸಂಗೀತಕ್ಕೆ ತಂದಿತ್ತು. ಅದನ್ನು ಕೇಳಿದ ಯುಮಿಗೆ ಶಾಲೆಯ ಆರ್ಗನ್ನೂ ರೆಕಾರ್ಡಿನ ಹಾಡೂ ಒಂದೇ ಲೋಕಕ್ಕೆ ಸೇರಿದವು ಎಂದು ಹೊಳೆಯಿತು.

ಸಂಗೀತ ಬಲ್ಲ ಓದುಗರಿಗಾಗಿ ಒಂದು ಮಾತು. ಜಪಾನಿನ ಹಳೆಯ ಜನಪ್ರಿಯ ಹಾಡುಗಳಲ್ಲಿ ಮಧ್ಯಮ, ನಿಷಾದಗಳನ್ನು ಬಿಟ್ಟ ಐದು ಸ್ವರಗಳ ಶ್ರೇಣಿ ಬಹಳ ಬಳಕೆಯಲ್ಲಿತ್ತು. ಅದು ನಮ್ಮ ಮೋಹನ ರಾಗದ ಸ್ವರಗಳೇ. ಆ ಹಾಡುಗಳು ನಮ್ಮ ಕಿವಿಗೆ ಪರಕೀಯ ಅನ್ನಿಸದಿರಲು ಇದೂ ಒಂದು ಕಾರಣ. ಯುಮಿ ಆ ಐದು ಸ್ವರಗಳ ಅಂಗಳ ದಾಟಿ, ಆರ್ಗನ್ನಿನಿಂದ ಕಲಿತ ಸ್ವರಮೇಳಗಳನ್ನು ಪಿಯಾನೋದ ಮೇಲೆ ಜೋಡಿಸಿದರು. ಆಕೆಯ ದನಿ ನಮ್ಮ ಎಸ್. ಜಾನಕಿಯವರ ದನಿಯಂತೆ ತಿದ್ದಿ ತೀಡಿದ್ದಲ್ಲ. ಗಮಕವಿಲ್ಲದ, ನೇರವಾದ, ಕೊಂಚ ಚಪ್ಪಟೆಯಾದ ದನಿ. ಮಾತಾಡುತ್ತಿದ್ದವಳು ಹಾಗೆಯೇ ಹಾಡಿಗೆ ಹೊರಳಿದಂತೆ ಕೇಳುತ್ತದೆ.

ಒಂದು ಹಾಡಿಗೆ ಎಷ್ಟು ಕೈ?

ಇಲ್ಲಿ ಹಿನ್ನೆಲೆ ಸ್ವಲ್ಪ ಬೇಕು. 1960ರ ದಶಕದವರೆಗೆ ಜಪಾನಿನ ಹಾಡಿನ ಉದ್ಯಮ ನಮ್ಮ ಸಿನಿಮಾ ಸಂಗೀತದ ಹಾಗೆಯೇ ಇತ್ತು. ಸಾಹಿತ್ಯ ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಬರೆಯುವವರೂ ರಾಗ ಹಾಕುವವರೂ ರೆಕಾರ್ಡ್ ಕಂಪನಿಯ ಒಪ್ಪಂದಕ್ಕೆ ಸೇರಿದವರು, ಹೆಚ್ಚಿನವರು ಗಂಡಸರು. ಪ್ರೀತಿಯಲ್ಲಿ ಸೋತ ಹೆಣ್ಣಿನ ದುಃಖವನ್ನು ನಡುವಯಸ್ಸಿನ ಗಂಡಸೊಬ್ಬ ಬರೆದು, ಅದಕ್ಕೆ ಹುಡುಗಿಯೊಬ್ಬಳು ದನಿ ಕೊಡುವುದು ವಾಡಿಕೆ.

ನಮ್ಮಲ್ಲೂ ಹಾಗೆಯೇ ಅಲ್ಲವೇ? ‘ಎರಡು ಕನಸು’ ತೆರೆಗೆ ಬಂದದ್ದು 1974ರಲ್ಲಿ. ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್–ನಾಗೇಂದ್ರ, ದನಿ ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್ ಮೊದಲಾದವರದು. ಅಪೂರ್ವ ಹಾಡುಗಳು, ಅದರಲ್ಲಿ ಎರಡು ಮಾತಿಲ್ಲ. ಎನ್.ಟಿ. ರಾಮರಾವ್ ಅವರ ರಾಮಕೃಷ್ಣ ಸ್ಟುಡಿಯೋ ಇದ್ದ ನಾಚಾರಂ ಇಂಥ ಹಂಚಿಕೊಂಡ ದುಡಿಮೆಯನ್ನು ಹತ್ತಿರದಿಂದ ಕಂಡ ಊರು. ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಕೂಡ ಚಂದ್ರಬೋಸ್ ಅವರ ಮಾತು, ಕೀರವಾಣಿಯವರ ರಾಗ, ರಾಹುಲ್ ಸಿಪ್ಲಿಗಂಜ್ ಮತ್ತು ಕಾಲಭೈರವ ಅವರ ದನಿ. ಆ ಚಿತ್ರ 2022ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ತೆರೆಕಂಡು, 1998ರಿಂದ ತಮಿಳಿನ ‘ಮುತ್ತು’ ಚಿತ್ರದ ಹೆಸರಿನಲ್ಲಿದ್ದ, ಅಲ್ಲಿ ಭಾರತೀಯ ಚಿತ್ರಗಳ ಗಳಿಕೆಯ ದಾಖಲೆಯನ್ನು ಮುರಿಯಿತು. ಹಾಡು ಅಲ್ಲಿಂದ ಇಲ್ಲಿಗೆ ಬರುವಂತೆ ಇಲ್ಲಿಂದ ಅಲ್ಲಿಗೂ ಹೋಗುತ್ತಿದೆ.

ಹೆಣ್ಣೊಬ್ಬಳು ತಾನೇ ಕಟ್ಟಿ ತಾನೇ ಹಾಡುವುದು ಕನ್ನಡಕ್ಕೆ ಹೊಸತಲ್ಲ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ‘ಚಂದ್ರಹಾಸನ ಕಥೆ’ ಬರೆದರು, ಹೆಳವನಕಟ್ಟೆಯ ರಂಗನ ಅಂಕಿತದಲ್ಲಿ ಹಾಡು ಕಟ್ಟಿದರು. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವನ ಹಾಡುಗಳು ಭೀಮೇಶಕೃಷ್ಣ ಎಂಬ ಅಂಕಿತದೊಂದಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಶುಕ್ರವಾರದ ಪೂಜೆಗೆ ಇಂದಿಗೂ ಕೇಳುತ್ತವೆ. ರೆಕಾರ್ಡು, ರೇಡಿಯೊ, ಸಿನಿಮಾ ಬಂದ ಮೇಲೆ ಆ ಎಳೆ ತೆಳುವಾಯಿತು. ನಮ್ಮ ಚಿತ್ರಗೀತೆಗಳಲ್ಲಿ ಸಾಹಿತ್ಯ ಬರೆದ ಹೆಣ್ಣುಮಕ್ಕಳ ಹೆಸರು ಹೇಳಿ ಎಂದರೆ ಬಹಳ ಹೊತ್ತು ಯೋಚಿಸಬೇಕಾಗುತ್ತದೆ. ಜಪಾನಿನಲ್ಲಿ ಮಾತ್ರ ಆ ಎಳೆ ರೆಕಾರ್ಡ್ ಉದ್ಯಮದ ನಡುವಿನಿಂದಲೇ ಎದ್ದು ಬಂತು. ಅದನ್ನು ಎಬ್ಬಿಸಿದವರಲ್ಲಿ ಯುಮಿ ಮೊದಲ ಸಾಲಿನವರು.

ಮೋಡದ ಗೆರೆ

ಬರೆಯುವವರಾಗಿ ಶುರುವಾದದ್ದು ಹದಿನೇಳರಲ್ಲಿ. ಬೇರೆ ಗಾಯಕರೊಬ್ಬರಿಗೆ ಕೊಟ್ಟ ಹಾಡು 1971ರಲ್ಲಿ ಹೊರಬಂತು. ಹಾಡುಗಾರ್ತಿಯಾಗುವ ಹಂಬಲ ಯುಮಿಗೆ ಅಷ್ಟಾಗಿ ಇರಲಿಲ್ಲ. 1972ರ ಜುಲೈನಲ್ಲಿ ಬಂದ ಸ್ವಂತ ದನಿಯ ಮೊದಲ ರೆಕಾರ್ಡ್ ಕೆಲವು ನೂರು ಪ್ರತಿಗಳಲ್ಲೇ ನಿಂತಿತು.

1973ರ ನವೆಂಬರಿನಲ್ಲಿ ಬಂದ ಮೊದಲ ಆಲ್ಬಂ ‘ಹಿಕೋಕಿಗುಮೊ’ ಈ ಲೆಕ್ಕವನ್ನು ಬದಲಿಸಿತು. ವಿಮಾನ ಹಾದುಹೋದ ಮೇಲೆ ಆಕಾಶದಲ್ಲಿ ಉಳಿಯುವ ಬಿಳಿ ಗೆರೆ, ಅದೇ ಹೆಸರು. ಪ್ರಾಥಮಿಕ ಶಾಲೆಯಲ್ಲಿ ಜೊತೆಗೆ ಓದಿ, ಸ್ನಾಯುಗಳು ಕ್ಷೀಣಿಸುವ ರೋಗದಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಹುಡುಗನ ನೆನಪು ಶೀರ್ಷಿಕೆ ಗೀತೆಯ ಹಿಂದಿದೆ. ಸಾವಿನ ಹಾಡಾದರೂ ಅದರಲ್ಲಿ ಗೋಳಾಟವಿಲ್ಲ. ಸತ್ತವನ ಮೇಲೆ ಕನಿಕರವನ್ನೂ ಹೇರುವುದಿಲ್ಲ. ಅವನು ಆಕಾಶ ನೋಡುತ್ತ ಹೊರಟದ್ದನ್ನು ಅವನ ಪಾಲಿನ ಸಂತೋಷ ಎಂದೇ ಕಾಣುತ್ತದೆ. ಹರೆಯದ ಹುಡುಗಿಯೊಬ್ಬಳು ಇದನ್ನು ಬರೆದಳು ಎಂಬುದು ನನಗೆ ಇಂದಿಗೂ ಬೆರಗು. ಹಿರಿಯ ಸಾಹಿತಿಯೊಬ್ಬ ಕಂಪನಿಯ ಮೇಜಿನ ಮುಂದೆ ಕೂತಿದ್ದರೆ ಅಲ್ಲಿ ಕಣ್ಣೀರು ತುಂಬುತ್ತಿದ್ದನೇನೋ.

ಆ ಆಲ್ಬಮ್ಮಿಗೆ ವಾದ್ಯ ನುಡಿಸಿದ ತಂಡದಲ್ಲಿ ಹರುಓಮಿ ಹೊಸೊನೊ, ಶಿಗೆರು ಸುಝುಕಿ, ತಾತ್ಸುವೊ ಹಯಾಶಿ, ಮಾಸಾತಾಕಾ ಮಾತ್ಸುತೋಯಾ ಇದ್ದರು. ಈ ಕೊನೆಯವರನ್ನೇ ಯುಮಿ 1976ರಲ್ಲಿ ಮದುವೆಯಾದರು. ಅಲ್ಲಿಂದಾಚೆಗೆ ಆಕೆಯ ಹಾಡುಗಳಿಗೆ ವಾದ್ಯಸಂಯೋಜನೆ, ನಿರ್ಮಾಣ ಪತಿಯದು. ಮಾತು, ಮಟ್ಟು, ದನಿ ಆಕೆಯವು.

ನಲವತ್ತು ವರ್ಷಗಳ ನಂತರ, 2013ರಲ್ಲಿ, ಮಿಯಾಝಾಕಿ ‘ಹಿಕೋಕಿಗುಮೊ’ ಹಾಡನ್ನು ‘ದ ವಿಂಡ್ ರೈಸಸ್’ ಚಿತ್ರಕ್ಕೆ ತಂದರು. ಅದು ಯುದ್ಧವಿಮಾನ ವಿನ್ಯಾಸ ಮಾಡಿದ ಜಿರೋ ಹೊರಿಕೋಶಿಯ ಬದುಕನ್ನು ಆಧರಿಸಿದ ಕತೆ. ಆಕಾಶವನ್ನು ಪ್ರೀತಿಸಿದವನ ಯಂತ್ರಗಳು ಸಾವಿಗೆ ವಾಹನವಾಗುತ್ತವೆ. ಸಹಪಾಠಿಯ ನೆನಪಿಗೆ ಹುಟ್ಟಿದ ಹಾಡು ಮರಳಿ ಬಾರದ ಒಂದು ಪೀಳಿಗೆಯ ಹುಡುಗರನ್ನೂ ತನ್ನೊಳಗೆ ಸೇರಿಸಿಕೊಂಡಿತು. ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಸೋಡಾ ಲೋಟದೊಳಗಿನ ಹಡಗು

ಇಷ್ಟು ಕಾಲ ಬಾಳುವ ಶಕ್ತಿ ಈ ಹಾಡುಗಳಿಗೆ ಎಲ್ಲಿಂದ ಬಂತು? ನನ್ನ ಉತ್ತರ: ಯುಮಿ ಭಾವವನ್ನು ಹೆಸರಿಸುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಹೆಸರಿಸುತ್ತಾರೆ.

1974ರ ‘ಮಿಸ್‌ಲಿಮ್’ ಆಲ್ಬಮ್ಮಿನಲ್ಲಿ ಕಡಲು ನೋಡುತ್ತಿದ್ದ ಒಂದು ಮಧ್ಯಾಹ್ನದ ಹಾಡಿದೆ. ಯೋಕೊಹಾಮಾದ ಗುಡ್ಡದ ಮೇಲೆ ‘ಡಾಲ್ಫಿನ್’ ಎಂಬ ರೆಸ್ಟೊರೆಂಟ್. ಹುಡುಗಿಯೊಬ್ಬಳು ಅಲ್ಲಿ ಒಬ್ಬಳೇ ಕೂತಿದ್ದಾಳೆ. ಮುಂದಿನ ಸೋಡಾ ಲೋಟದ ಮೂಲಕ ನೋಡಿದರೆ ದೂರದ ಸರಕು ಹಡಗು ಲೋಟದೊಳಗೇ ಸಾಗಿದಂತೆ ಕಾಣುತ್ತದೆ. ಪ್ರೀತಿ ಮುಗಿದಿದೆ ಎನ್ನುವುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆ ರೆಸ್ಟೊರೆಂಟ್ ಕವಿಕಲ್ಪನೆಯಲ್ಲ, ನಿಜವಾಗಿ ಇದ್ದದ್ದು. ಹಾಡು ಕೇಳಿದವರು ಅಲ್ಲಿಗೆ ಹೋಗಿ ಸೋಡಾ ತರಿಸಿ ಕುಡಿಯುವ ರೂಢಿ ಬೆಳೆಯಿತು.

1976ರ ‘ಚೂವೊ ಫ್ರೀವೇ’ ಟೋಕಿಯೊದಿಂದ ಹಾಚಿಯೋಜಿ ಕಡೆ ಹೋಗುವ ಹೆದ್ದಾರಿಯ ಹಾಡು. ಮುಸ್ಸಂಜೆ, ಕಾರು, ಪಕ್ಕದಲ್ಲಿ ಪ್ರಿಯಕರ. ಬಲಕ್ಕೆ ಕುದುರೆ ಜೂಜಿನ ಮೈದಾನ, ಎಡಕ್ಕೆ ಬಿಯರ್ ಕಾರ್ಖಾನೆ, ದಾರಿಯಲ್ಲಿ ಸೇನಾನೆಲೆ. ಕಾರ್ಖಾನೆಯನ್ನು ಪ್ರೇಮಗೀತೆಗೆ ತರಬಹುದು ಎಂದು ಅದುವರೆಗೆ ಯಾರಿಗೆ ಹೊಳೆದಿತ್ತು? ಕೈಗಾರಿಕಾ ಬಡಾವಣೆಗಳ ಪಕ್ಕದಲ್ಲೇ ಪ್ರೀತಿಸುವ, ಜಗಳವಾಡುವ, ಮನೆಗೆ ಮರಳುವ ಲಕ್ಷಾಂತರ ಜನರಿಗೆ ತಮ್ಮ ರಸ್ತೆಯೂ ಹಾಡಿಗೆ ತಕ್ಕದ್ದು ಎಂದು ಹೇಳಿದ ಹಾಡು ಅದು. ಬೊಮ್ಮಸಂದ್ರ, ಪೀಣ್ಯ, ನಾಚಾರಂಗಳಿಗೂ ಇಂಥದೊಂದು ಹಾಡು ಬರಲಿ ಎಂಬ ಆಸೆ ನನ್ನದು.

1975ರ ‘ಸೊತ್ಸುಗ್ಯೋ ಶಾಶಿನ್’, ಶಾಲೆ ಮುಗಿದಾಗ ತೆಗೆಸಿಕೊಂಡ ಫೋಟೊದ ಹಾಡು, ಜಪಾನಿನ ಬೀಳ್ಕೊಡುಗೆ ಸಮಾರಂಭಗಳ ಪಾಲಿಗೆ ಬಿಟ್ಟಿರಲಾರದ್ದು. ಅದೇ ವರ್ಷದ ‘ಆನೊ ಹಿ ನಿ ಕಾಎರಿತಾಯ್’, ಆ ದಿನಕ್ಕೆ ಮರಳುವ ಆಸೆ, ಮಾರಾಟದ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹೀಗೆ ತಾವೇ ಬರೆದು ತಾವೇ ಹಾಡಿದವರು ಯುಮಿ ಒಬ್ಬರೇ ಅಲ್ಲ. ಸಾಪ್ಪೊರೊದಲ್ಲಿ 1952ರಲ್ಲಿ ಹುಟ್ಟಿದ ಮಿಯುಕಿ ನಾಕಾಜಿಮಾ 1975ರಲ್ಲಿ ‘ಜಿದಾಯ್’ ಎಂಬ ಹಾಡಿನೊಂದಿಗೆ ಬೆಳಕಿಗೆ ಬಂದರು. ಒಬ್ಬರು ನಗರದ ಬೆಳಕು, ಇನ್ನೊಬ್ಬರು ಸೋತವರ ಕತ್ತಲು ಎಂದು ಜಪಾನಿಯರು ಇಬ್ಬರನ್ನು ಎದುರುಬದುರಾಗಿ ಇಟ್ಟು ಮಾತಾಡುತ್ತಾರೆ. ಮರಿಯಾ ತಾಕೇಉಚಿ 1984ರಲ್ಲಿ ಬರೆದು ಹಾಡಿದ ‘ಪ್ಲಾಸ್ಟಿಕ್ ಲವ್’ ಮೂರು ದಶಕಗಳ ನಂತರ ಯೂಟ್ಯೂಬ್ ಮೂಲಕ ಲೋಕ ಸುತ್ತಿತು. ಹದಿನಾರು ತುಂಬುವ ಮೊದಲೇ ಬಂದ ಹಿಕಾರು ಉತಾದಾ 1999ರಲ್ಲಿ ತಂದ ‘ಫಸ್ಟ್ ಲವ್’ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ.

ಗಾರ್ಬೊ ಎಂಬ ಮುಖವಾಡ

1980ರ ದಶಕದ ಶುರುವಿನಲ್ಲಿ ಸೇಯ್ಕೊ ಮಾತ್ಸುದಾ ಎಂಬ ತರುಣ ತಾರೆಯ ಹಾಡುಗಳು ಮನೆಮನೆ ತಲುಪಿದವು. ‘ಆಕಾಯ್ ಸ್ವೀಟ್‌ಪೀ’ 1982ರದು. ಸಾಹಿತ್ಯ ತಾಕಾಶಿ ಮಾತ್ಸುಮೊತೊ. ಸಂಗೀತದ ಜಾಗದಲ್ಲಿ ಕುರೇತಾ ಕಾರುಹೊ ಎಂಬ ಅಪರಿಚಿತ ಹೆಸರು. ಹಾಲಿವುಡ್ ನಟಿ ಗ್ರೇಟಾ ಗಾರ್ಬೊ ಹೆಸರನ್ನು ಜಪಾನಿ ನಾಲಗೆಗೆ ಒಗ್ಗಿಸಿ ಯುಮಿಯೇ ಇಟ್ಟುಕೊಂಡ ಗುಪ್ತನಾಮ ಅದು. ತನ್ನ ಖ್ಯಾತಿಯ ಆಸರೆಯಿಲ್ಲದೆ ರಾಗವೊಂದೇ ನಿಂತು ಗೆಲ್ಲಬೇಕು ಎಂಬುದು ಉದ್ದೇಶ. ಸಾಲುಸಾಲಾಗಿ ಮೊದಲ ಸ್ಥಾನಗಳು ಬಂದವು. ಮಾತನ್ನು ಇನ್ನೊಬ್ಬರಿಗೆ, ದನಿಯನ್ನು ಮತ್ತೊಬ್ಬರಿಗೆ ಬಿಟ್ಟುಕೊಟ್ಟು ಹಳೆಯ ಪದ್ಧತಿಯಲ್ಲೂ ಗೆದ್ದು ತೋರಿಸಿದ್ದು ದೊಡ್ಡ ಮಾತು.

ಹಿಮವೂ ಹಣವೂ

ಆ ದಶಕ ಜಪಾನಿನಲ್ಲಿ ಹಣ ಹರಿದ ಕಾಲ. ಯುಮಿ ಚಳಿಗಾಲದ ಹೊತ್ತಿಗೆ ಹೊಸ ಆಲ್ಬಂ ತರುವುದು ಹಬ್ಬದಂತೆ ಕಾಯುವ ಸಂಗತಿಯಾಯಿತು. ನಾಎಬಾ ಎಂಬ ಹಿಮದ ತಾಣದಲ್ಲಿ 1981ರಿಂದ ವರ್ಷವರ್ಷವೂ ಕಛೇರಿ. 1980ರ ‘ಸರ್ಫ್ ಅಂಡ್ ಸ್ನೋ’ ಆಲ್ಬಮ್ಮಿನ ಹಾಡುಗಳನ್ನು ಬಳಸಿಕೊಂಡ 1987ರ ಸಿನಿಮಾವೊಂದು ಯುವಜನರನ್ನು ಸ್ಕೀಯಿಂಗ್ ಹುಚ್ಚಿಗೆ ಹಚ್ಚಿತು. 1990ರ ‘ತೆಂಗೋಕು ನೊ ಡೋರ್’ ಜಪಾನಿನಲ್ಲಿ 20 ಲಕ್ಷ ದಾಟಿದ ಮೊದಲ ಆಲ್ಬಂ. ಸಂಖ್ಯೆಗಳು ದೊಡ್ಡವು. ಆದರೆ ಎಪ್ಪತ್ತರ ದಶಕದ ಹಾಡುಗಳ ಹತ್ತಿರದ ಉಸಿರು ನನಗೆ ಇಲ್ಲಿ ಅಷ್ಟಾಗಿ ಕೇಳುವುದಿಲ್ಲ.

1994ರ ‘ಹಾರು ಯೊ, ಕೊಯ್’ ಬೇರೆ ಮಾತು. ವಸಂತವೇ ಬಾ ಎಂದು ಕರೆಯುವ ಇದು ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿಗೆ ಶೀರ್ಷಿಕೆ ಗೀತೆಯಾಗಿ ಬಂತು. ಇದರಲ್ಲಿ ಯುಮಿ ಹಳೆಗಾಲದ ಜಪಾನಿ ನುಡಿಯ ಪದಗಳನ್ನು ಬಳಸಿದ್ದಾರೆ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಇದೇ ಹಾಡು ನೊಂದವರಿಗೆ ನೆರವು ಕೂಡಿಸುವ ಹಾಡಾಯಿತು, ಸಾರ್ವಜನಿಕರೂ ದನಿಗೂಡಿಸಿದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ಕೊನೆಯ ಪ್ರದರ್ಶನದಲ್ಲಿ ಯುಝುರು ಹಾನ್ಯು ಮಂಜಿನ ಮೇಲೆ ಜಾರಿದ್ದು ಇದರ ಪಿಯಾನೋ ರೂಪಕ್ಕೆ. ಹಾನ್ಯು 2011ರ ಆ ದುರಂತ ಅನುಭವಿಸಿದ ಸೆಂದಾಯ್ ನಗರದವರು.

ಎರಡು ವಯಸ್ಸಿನ ಒಂದೇ ದನಿ

2022ರಲ್ಲಿ ಯುಮಿಯ ಮೊದಲ ರೆಕಾರ್ಡಿಗೆ ಐವತ್ತು ವರ್ಷ ತುಂಬಿತು. ಅಕ್ಟೋಬರಿನಲ್ಲಿ ‘ಯೂಮಿಂಗ್ ಬಾಂಝಾಯ್’ ಎಂಬ ಸಂಗ್ರಹ ಹೊರಬಂದು ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1970ರ ದಶಕದಿಂದ 2020ರ ದಶಕದವರೆಗೆ ಆರೂ ದಶಕಗಳಲ್ಲಿ ಮೊದಲ ಸ್ಥಾನದ ಆಲ್ಬಂ ಕೊಟ್ಟ ಹೆಸರು ಆಕೆಯದು. ಅದೇ ವರ್ಷ ಜಪಾನ್ ಸರ್ಕಾರ ಸಂಸ್ಕೃತಿ ಕ್ಷೇತ್ರದ ಸಾಧಕರಿಗೆ ಸಲ್ಲುವ ಗೌರವವನ್ನು ನೀಡಿತು.

ಆ ಸಂಗ್ರಹದಲ್ಲಿ ಹೊಸ ಹಾಡೊಂದಿದೆ. ಹಳೆಯ ಧ್ವನಿಮುದ್ರಣಗಳಿಂದ ಕಲಿತ ಕೃತಕ ಬುದ್ಧಿಮತ್ತೆ ಎಪ್ಪತ್ತರ ದಶಕದ ‘ಯುಮಿ ಅರಾಯ್’ ದನಿಯನ್ನು ಮರುಸೃಷ್ಟಿಸುತ್ತದೆ. ಅದರ ಜೊತೆ 68ರ ಯುಮಿ ಮಾತ್ಸುತೋಯಾ ಹಾಡುತ್ತಾರೆ. ತೀರಿಕೊಂಡ ಗಾಯಕರ ದನಿಯನ್ನು ಯಂತ್ರದಿಂದ ಎಬ್ಬಿಸುವ ಪ್ರಯತ್ನಗಳು ನಮ್ಮ ದೇಶದಲ್ಲೂ ನಡೆಯುತ್ತಿವೆ, ಯಾರ ಅನುಮತಿ ಎಂಬ ಪ್ರಶ್ನೆಯೂ ಎದ್ದಿದೆ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ದನಿಯ ಒಡತಿ ಬದುಕಿದ್ದಾರೆ, ಹಾಡು ಬರೆದವರೂ ಅವರೇ, ಹಳೆಯ ದನಿ ಏನು ಹಾಡಬೇಕೆಂದು ತೀರ್ಮಾನಿಸಿದವರೂ ಅವರೇ. ಯಂತ್ರವನ್ನು ಈ ಕೆಲಸಕ್ಕೆ ಬಳಸಲೇಬೇಕೆಂದಿದ್ದರೆ ಹೀಗೆ ಬಳಸಬೇಕು ಎಂದು ನನಗೆ ತೋರುತ್ತದೆ.

ಎಲ್ಲಿಂದ ಕೇಳುವುದು?

2018ರ ಸೆಪ್ಟೆಂಬರಿನಲ್ಲಿ 400ಕ್ಕೂ ಹೆಚ್ಚು ಹಾಡುಗಳು ಒಮ್ಮೆಲೇ ಆನ್‌ಲೈನ್ ಸಂಗೀತ ತಾಣಗಳಿಗೆ ಬಂದವು. ಅದಕ್ಕೂ ಮೊದಲು ಭಾರತದಲ್ಲಿ ಕೂತು ಇವನ್ನೆಲ್ಲ ಸರಿಯಾಗಿ ಕೇಳುವುದು ಕಷ್ಟವಿತ್ತು. ಕಿಕಿಯ ಎರಡು ಹಾಡು ಗೊತ್ತಿರುವವರು ಅಲ್ಲಿಂದ ‘ಹಿಕೋಕಿಗುಮೊ’ ಆಲ್ಬಮ್ಮಿಗೆ ಹೋಗಲಿ; ಬಿಡಿ ಹಾಡುಗಳನ್ನು ಹೆಕ್ಕದೆ ಮೊದಲಿನಿಂದ ಕೊನೆಯವರೆಗೆ ಕೇಳಲಿ. ಆಮೇಲೆ ‘ಮಿಸ್‌ಲಿಮ್’. ‘ಚೂವೊ ಫ್ರೀವೇ’ಯನ್ನು ಮಾತ್ರ ಬಸ್ಸಿನ ಕಿಟಕಿಯ ಪಕ್ಕಕ್ಕೆ ಮೀಸಲಿಡಿ.